ಡ್ರೈವರ್ ಭೀಮಣ್ಣ ಮತ್ತೆ ಮುದ್ದೆ ಉಂಡ

ತಿಪಟೂರಿಗೂ ಹಂದನಕೆರೆಗೂ ಓಡಾಡುವ ಬಸ್ಸಿನಲ್ಲಿ ಯಾರಿಗಾದರೂ ಒಂದು ಕಾಯಿಲೆ ಇದೆ ಎಂದು ಗೊತ್ತಾದರೆ ಸಾಕು, ಅವರು ತಮ್ಮ ಸ್ಟಾಪಿನಲ್ಲಿ ಇಳಿಯುವುದರೊಳಗೆ ಹತ್ತು ಜನ ಹತ್ತು ಮದ್ದು ಹೇಳಿರುತ್ತಾರೆ. ಈ ಸಲ ಕಾಯಿಲೆ ಬಂದದ್ದು ಪ್ರಯಾಣಿಕರಿಗಲ್ಲ, ಬಸ್ಸು ಓಡಿಸುವ ಭೀಮರಾಜುವಿಗೇ.

ಭೀಮರಾಜುವಿಗೆ ನಲವತ್ತೇಳು ವರ್ಷ. ಆ ದಾರಿಯಲ್ಲಿ ಖಾಸಗಿ ಬಸ್ಸು ಓಡಿಸಲು ಶುರುಮಾಡಿ ಹದಿನೆಂಟು ವರ್ಷ. ಯಾವ ತೋಟದ ತಿರುವಿನಲ್ಲಿ ಎಮ್ಮೆ ಅಡ್ಡ ಬರುತ್ತದೆ, ಯಾವ ಮೋರಿ ದಾಟಿದ ಮೇಲೆ ಗುಂಡಿ ಇದೆ ಎಂಬುದನ್ನು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಹೆಸರಿಗೆ ತಕ್ಕ ಆಳು, ಆಳಿಗೆ ತಕ್ಕ ಊಟ. ಅವನ ತಾಯಿ ಕೊಲ್ಲಾಪುರಮ್ಮ ತಟ್ಟೆಗೆ ಎರಡು ದಪ್ಪ ಮುದ್ದೆ ಇಟ್ಟು, ಅವು ಕರಗುವುದರೊಳಗೆ ಇನ್ನರ್ಧ ತಂದು ಹಾಕುತ್ತಿದ್ದಳು. ಆಮೇಲೆ ಅನ್ನ, ಸಾರು. ಮತ್ತೆ ಅನ್ನ, ಮಜ್ಜಿಗೆ. ಕೊನೆಗೆ ಎರಡು ಬಾಳೆಹಣ್ಣು.

ಆರು ತಿಂಗಳಿಂದ ಅವನಿಗೆ ಬಾಯಾರಿಕೆ ಜಾಸ್ತಿಯಾಗಿತ್ತು. ಒಂದು ಟ್ರಿಪ್ಪಿನಲ್ಲಿ ಎರಡು ಸಲ ಬಸ್ಸು ನಿಲ್ಲಿಸಿ ಬೇಲಿ ಮರೆಗೆ ಹೋಗಿ ಬರುತ್ತಿದ್ದ. ಕಂಡಕ್ಟರ್ ಗಂಗಾಧರ ಅವನ ಓರಗೆಯವನು, ಸಲಿಗೆ ಜಾಸ್ತಿ.

"ಏನ್ಲಾ ಭೀಮ, ಬಸ್ಸು ಕುಡಿಯೋ ಡೀಸೆಲ್‌ಗಿಂತ ನೀನು ಕುಡಿಯೋ ನೀರೇ ಜಾಸ್ತಿ ಆಯ್ತಲ್ಲೋ. ಒಂದ್ಸಲ ತೋರ್ಸ್‌ಕೋ ಹೋಗ್ಲಾ."

ಬಸ್ ಸ್ಟ್ಯಾಂಡಿನಲ್ಲಿ ಡ್ರೈವರ್‌ಗಳಿಗೆ ತಪಾಸಣೆ ಶಿಬಿರ ಮಾಡಿದಾಗ ಗಂಗಾಧರನೇ ಅವನನ್ನು ಎಳೆದುಕೊಂಡು ಹೋಗಿ ಕೂರಿಸಿದ. ಶುಗರ್ ಇದೆ ಎಂದು ಗೊತ್ತಾಯಿತು. ಆಸ್ಪತ್ರೆಗೆ ಹೋದ. ಡಾಕ್ಟರು ಎರಡು ಬಗೆಯ ಮಾತ್ರೆ ಬರೆದುಕೊಟ್ಟು, "ಅನ್ನ, ಮುದ್ದೆ ಕಡಿಮೆ ಮಾಡಿ. ಮಾತ್ರೆ ತಗೊಂಡ ಮೇಲೆ ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮುಂದಿನ ತಿಂಗಳು ಬನ್ನಿ" ಎಂದರು. ಹಿಂದೆ ಜನರ ಸಾಲು ಉದ್ದವಿತ್ತು. ಗಾಬರಿಯಲ್ಲಿದ್ದ ಭೀಮರಾಜುವಿನ ಕಿವಿಗೆ ಬಿದ್ದದ್ದು ಮೊದಲನೆಯ ಮಾತು ಮಾತ್ರ.

ಮಾರನೆಯ ದಿನ ಗಂಗಾಧರ ಟಿಕೆಟ್ ಹಂಚುವ ಮೊದಲೇ ಸುದ್ದಿ ಹಂಚಿಬಿಟ್ಟ. ಬಸ್ಸಿಗೆ ಬಸ್ಸೇ ಡಾಕ್ಟರಾಯಿತು.

"ಹಾಗಲಕಾಯಿ ರಸ ಕುಡಿಯಣ್ಣ, ಬರೀ ಹೊಟ್ಟೇಲಿ ಒಂದು ಲೋಟ."

"ಅದೆಲ್ಲ ಬ್ಯಾಡ. ಅನ್ನ, ಮುದ್ದೆ ಎರಡೂ ಮುಟ್ಬ್ಯಾಡ. ಬರೀ ಒಣ ಚಪಾತಿ. ನಮ್ ಭಾವ ಹಂಗೇ ಮಾಡವ್ನೆ."

"ಕಾಯಿ ಬುಡು ಮೊದ್ಲು. ಸಾರಿಗೆ ಕಾಯಿ ಹಾಕೋದೇ ಬ್ಯಾಡ."

"ತೆಂಗಿನ ಸೀಮೇಲಿ ಇದ್ಕಂಡು ಸಾರಿಗೆ ಕಾಯಿ ಹಾಕ್ದೆ ಇನ್ನೇನು ಮಣ್ಣು ಹಾಕನಾ?" ಎಂದು ರೇಗಿದವಳು ಸೊಪ್ಪಿನ ಪುಟ್ಟಗೌರಮ್ಮ. ಬೆಳಗಿನ ಮಾರ್ಕೆಟ್ಟಿಗೆ ಸೊಪ್ಪು ಹಾಕಿ, ಬರಿ ಬುಟ್ಟಿ ಹಿಡಿದು ಒಂಬತ್ತರ ಬಸ್ಸಿಗೆ ಊರಿಗೆ ಮರಳುವುದು ಅವಳ ದಿನದ ರೂಢಿ.

ಅದೇ ಒಂಬತ್ತರ ಬಸ್ಸಿನಲ್ಲಿ ಮಂಗಳಾ ಎಂಬ ಹೆಣ್ಣುಮಗಳು ದಿನಾ ಬರುತ್ತಿದ್ದರು. ದಾರಿಯಲ್ಲಿರುವ ಹಳ್ಳಿಯೊಂದರ ಉಪಕೇಂದ್ರದಲ್ಲಿ ಅವರು ಆರೋಗ್ಯ ಅಧಿಕಾರಿ. ಎಲ್ಲರ ಮಾತೂ ಮುಗಿಯಲಿ ಎಂದು ಕಾದಿದ್ದು, ಇಳಿಯುವಾಗ ಡ್ರೈವರ್ ಸೀಟಿನ ಹತ್ತಿರ ಬಗ್ಗಿ ಹೇಳಿದರು.

"ಭೀಮಣ್ಣ, ಇವ್ರ ಮಾತು ಕೇಳಿ ಏನೂ ಮಾಡ್ಕೋಬೇಡಿ. ಒಂದ್ಸಲ ಉಪಕೇಂದ್ರಕ್ಕೆ ಬನ್ನಿ, ಕೂತು ಮಾತಾಡಣ."

"ಬತ್ತೀನಿ ಮೇಡಂ" ಎಂದ ಭೀಮರಾಜು. ಹೋಗಲಿಲ್ಲ.

ಅವನೊಳಗೆ ಬೇರೆಯೇ ಲೆಕ್ಕ ನಡೆದಿತ್ತು. ಅವನ ಜೊತೆ ಬಸ್ಸು ಓಡಿಸುತ್ತಿದ್ದ ಹಿರಿಯ ಡ್ರೈವರ್ ಒಬ್ಬರಿಗೆ ಶುಗರ್ ಹೆಚ್ಚಾಗಿ, ಕಾಲಿನ ಗಾಯ ವಾಸಿಯಾಗದೆ ಎರಡು ಬೆರಳು ತೆಗೆದಿದ್ದರು. ಆಮೇಲೆ ಅವರು ಬ್ರೇಕ್ ಮೇಲೆ ಕಾಲಿಡಲಿಲ್ಲ. ತನಗೂ ಹಾಗಾದರೆ? ಸ್ಟೇರಿಂಗ್ ಬಿಟ್ಟರೆ ತನಗೆ ಬೇರೆ ಏನು ಗೊತ್ತು? ಆ ಹೆದರಿಕೆಯಲ್ಲಿ ಭೀಮರಾಜು ಒಂದು ತೀರ್ಮಾನಕ್ಕೆ ಬಂದ: ತಿನ್ನುವುದರಿಂದ ತಾನೇ ಶುಗರ್ ಏರುವುದು? ತಿನ್ನುವುದನ್ನೇ ಬಿಟ್ಟರಾಯಿತು.

ಬೆಳಗ್ಗೆ ಆರಕ್ಕೆ ಮಾತ್ರೆ, ಜೊತೆಗೆ ಸಕ್ಕರೆಯಿಲ್ಲದ ಕಪ್ಪು ಕಾಫಿ. ತಿಂಡಿ ಇಲ್ಲ. ಮಧ್ಯಾಹ್ನ ಒಂದು ಸೌತೆಕಾಯಿ. ಸಂಜೆ ಮನೆಗೆ ಬಂದು ಎರಡು ಒಣ ಚಪಾತಿ, ಮೇಲೆ ಒಂದು ಲೋಟ ನೀರು. ಹೆಂಡತಿ ಶಾಂತಕುಮಾರಿ ಎಂದಿನಂತೆ ಊಟದ ಡಬ್ಬಿ ಕಟ್ಟಿ ಕಳಿಸುತ್ತಿದ್ದಳು. ಡಬ್ಬಿ ಹೋದ ಹಾಗೇ ವಾಪಸ್ಸು ಬರುತ್ತಿತ್ತು. ಅವಳು ಅದನ್ನು ಕೊಟ್ಟಿಗೆಗೆ ಒಯ್ದು ಹಸುವಿನ ಬಾನಿಗೆ ಸುರಿಯುತ್ತಿದ್ದಳು.

"ರೀ, ಡಾಕ್ಟ್ರು ಹಿಂಗೇ ಹೇಳಿದ್ರಾ? ನಾನೂ ಒಂದ್ಸಲ ಬಂದು ಕೇಳ್ಲಾ?"

"ನಿಂಗೇನ್ ಗೊತ್ತಾಗುತ್ತೆ ಸುಮ್ನಿರೇ. ನೋಡು, ಪ್ಯಾಂಟು ಸಡಿಲ ಆಗೈತೆ. ಶುಗರ್ ಕಿತ್ತುಕೊಂಡು ಹೋಗ್ತಾ ಐತೆ."

ಕಿತ್ತುಕೊಂಡು ಹೋಗುತ್ತಿದ್ದುದು ಅವನ ಶಕ್ತಿ. ನಗು ಹೋಯಿತು. ಮಾತು ಹೋಯಿತು. ಗಂಗಾಧರ ತಮಾಷೆ ಮಾಡಿದರೆ ಕಚ್ಚುವ ಹಾಗೆ ನೋಡುತ್ತಿದ್ದ. ಮನೆಯಲ್ಲಿ ಎಲ್ಲರೂ ಉಣ್ಣಲು ಕೂತರೆ ಇವನು ಸಾರಿನ ವಾಸನೆ ತಾಗದಿರಲೆಂದು ಎದ್ದು ಜಗಲಿಗೆ ಹೋಗುತ್ತಿದ್ದ. ಒಳಗೆ ಕೊಲ್ಲಾಪುರಮ್ಮ ಮಗನಿಲ್ಲದ ಮಣೆ ನೋಡಿ ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದಳು.

ಹೀಗೆ ಇಪ್ಪತ್ತು ದಿನ ಕಳೆಯಿತು. ಆ ಸಲ ಮಳೆ ಚೆನ್ನಾಗಿ ಬಿದ್ದು ಕೆರೆಗಳು ತುಂಬಿದ್ದವು. ಒಂಬತ್ತರ ಬಸ್ಸು ತಿಪಟೂರು ಬಿಟ್ಟು ಅರ್ಧ ದಾರಿ ಬಂದಿತ್ತು. ಮುಂದೆ ಕೆರೆ ಏರಿ. ಏರಿಯ ಎಡಕ್ಕೆ ತುಂಬಿದ ನೀರು, ಬಲಕ್ಕೆ ಎರಡಾಳು ಆಳದಲ್ಲಿ ತೆಂಗಿನ ತೋಟ.

ಏರಿ ಹತ್ತುವ ಹೊತ್ತಿಗೆ ಭೀಮರಾಜುವಿಗೆ ಒಮ್ಮೆಗೇ ಮೈಯೆಲ್ಲ ಬೆವರಿತು. ಅಂಗಿ ಬೆನ್ನಿಗೆ ಅಂಟಿತು. ಸ್ಟೇರಿಂಗ್ ಹಿಡಿದ ಕೈ ನಡುಗಲು ಶುರುವಾಯಿತು. ರಸ್ತೆ ಒಂದಿದ್ದದ್ದು ಎರಡಾಗಿ ಕಂಡಿತು. ಯಾವುದು ನಿಜವಾದದ್ದು ಎಂದು ಅವನಿಗೆ ತಿಳಿಯಲಿಲ್ಲ. ಹದಿನೆಂಟು ವರ್ಷದ ಅಭ್ಯಾಸ ಅವನನ್ನು ಕೈಬಿಡಲಿಲ್ಲ. ಬ್ರೇಕ್ ಒತ್ತಿದ. ಹ್ಯಾಂಡ್‌ಬ್ರೇಕ್ ಎಳೆದ. ಕೀ ತಿರುಗಿಸಿ ಇಂಜಿನ್ ಆರಿಸಿ, ಸ್ಟೇರಿಂಗ್ ಮೇಲೆ ತಲೆಯಿಟ್ಟ.

"ಪಂಚರ್ರೇನ್ಲಾ?" ಎನ್ನುತ್ತಾ ಮುಂದೆ ಬಂದ ಗಂಗಾಧರ ಅವನ ಮುಖ ನೋಡಿ ಕೂಗಿಕೊಂಡ. "ಮೇಡಂ, ಮಂಗಳಾ ಮೇಡಂ, ಬೇಗ ಬನ್ನಿ!"

ಮಂಗಳಾ ಬಂದು ಮೈ ಮುಟ್ಟಿ ನೋಡಿದರು. ತಣ್ಣಗಿನ ಬೆವರು.

"ಭೀಮಣ್ಣ, ಕೇಳಿಸ್ತಿದ್ಯಾ? ಬೆಳಗ್ಗೆ ಏನು ತಿಂದ್ರಿ?"

"ಮಾ... ಮಾತ್ರೆ."

"ಮಾತ್ರೆ ಅಲ್ಲ, ತಿಂಡಿ?"

"ತಿಂಡಿ ಬುಟ್ಬುಟ್ಟಿವ್ನಿ."

ಮನೆ ಮನೆ ಭೇಟಿಗೆಂದು ಮಂಗಳಾರ ಬ್ಯಾಗಿನಲ್ಲಿ ಶುಗರ್ ನೋಡುವ ಮಿಷನ್ ಯಾವಾಗಲೂ ಇರುತ್ತಿತ್ತು. ಬೆರಳು ಚುಚ್ಚಿ ನೋಡಿದರು. ಐವತ್ತೊಂದು.

"ಯಾರ ಹತ್ರಾದ್ರೂ ಸಕ್ಕರೆ, ಬೆಲ್ಲ ಏನಾದ್ರೂ ಇದ್ಯಾ? ಬೇಗ!"

ಪುಟ್ಟಗೌರಮ್ಮನ ಬುಟ್ಟಿಯಲ್ಲಿ ಅವತ್ತು ಮನೆಗೆಂದು ಮಾರ್ಕೆಟ್ಟಿನಲ್ಲಿ ಕೊಂಡ ಬೆಲ್ಲದ ಅಚ್ಚುಗಳಿದ್ದವು. ತೆಗೆದವಳು ಕೊಡಲು ಹಿಂಜರಿದಳು. "ಶುಗರ್ ಇರೋನಿಗೆ ಬೆಲ್ಲ ತಿನ್ನಿಸ್ತೀಯೇನವ್ವ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಈಗ ಇವ್ರಿಗೆ ಶುಗರ್ ಏರಿಲ್ಲ ಪುಟ್ಟಗೌರಮ್ಮೋರೆ, ಇಳಿದೋಗಿದೆ. ಈ ಗಳಿಗೇಲಿ ಬೆಲ್ಲನೇ ಔಷಧಿ. ಎಚ್ಚರ ಇದ್ದಾರೆ, ನುಂಗ್ತಾರೆ. ಕೊಡಿ."

ಬೆಲ್ಲ ಪುಡಿ ಮಾಡಿ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದರೆ ಎಂಬತ್ತೆಂಟು. ಯಾರೋ ಬಾಳೆಹಣ್ಣು ಕೊಟ್ಟರು, ಯಾರೋ ಹುರಿದ ಕಡಲೆಬೀಜ ಕೊಟ್ಟರು. ಭೀಮರಾಜುವಿನ ಕಣ್ಣು ತಿಳಿಯಾಯಿತು. ಆಗ ಅವನು ಮೊದಲು ನೋಡಿದ್ದು ಎಡಗಡೆಯ ನೀರನ್ನು. ಆಮೇಲೆ ಬಲಗಡೆಯ ಆಳವನ್ನು. ಆಮೇಲೆ ಹಿಂದೆ ತಿರುಗಿ, ಸೀಟುಗಳಲ್ಲಿದ್ದ ಮುಖಗಳನ್ನು. ಇಪ್ಪತ್ತೆರಡು ಜನ. ಒಬ್ಬ ತಾಯಿಯ ಮಡಿಲಲ್ಲಿ ಮೂರು ತಿಂಗಳ ಕೂಸು ನಿದ್ದೆ ಮಾಡುತ್ತಿತ್ತು.

ಅಷ್ಟು ದೊಡ್ಡ ಆಳು ಸ್ಟೇರಿಂಗ್ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತ. ಬಸ್ಸಿನಲ್ಲಿ ಯಾರೂ ಒಂದು ಮಾತೂ ಬೈಯಲಿಲ್ಲ. "ನಿಲ್ಸಿದ್ಯಲ್ಲ ಮಗ, ಅಷ್ಟೇ ಸಾಕು ಬುಡು" ಎಂದು ಪುಟ್ಟಗೌರಮ್ಮ ಅವನ ಬೆನ್ನು ಸವರಿದಳು.

ತಿಪಟೂರಿನಿಂದ ಬೇರೆ ಡ್ರೈವರ್ ಬಂದು ಬಸ್ಸು ಒಯ್ದ. ಬಸ್ಸಿನ ಮಾಲೀಕರು ಲಕ್ಷ್ಮಯ್ಯನವರು ಫೋನ್ ಮಾಡಿದಾಗ ಭೀಮರಾಜುವಿನ ಜೀವ ಬಾಯಿಗೆ ಬಂದಿತ್ತು. ಕೆಲಸ ಹೋಯಿತು ಎಂದುಕೊಂಡ. ಲಕ್ಷ್ಮಯ್ಯನವರು ಹೇಳಿದ್ದು ಇಷ್ಟೇ: "ಬಸ್ಸು ಎಲ್ಲೂ ಓಡೋಗಲ್ಲ ಕಣಪ್ಪ. ಮೊದ್ಲು ನೀನು ಸರಿಯಾಗು. ಡಾಕ್ಟ್ರು ಓಡಿಸಬೋದು ಅಂತ ಬರ್ಕೊಡಲಿ, ನಿನ್ ಸೀಟು ನಿಂಗೇ."

ಅಂದೇ ಮಧ್ಯಾಹ್ನ ಶಾಂತಕುಮಾರಿ ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಈ ಸಲ ತಾನೂ ಒಳಗೆ ಹೋಗಿ ಪಕ್ಕದಲ್ಲಿ ನಿಂತಳು.

"ನಾನು ಕಡಿಮೆ ಮಾಡಿ ಅಂದೆ. ಬಿಟ್ಟುಬಿಡಿ ಅಂದ್ನಾ?" ಎಂದರು ಡಾಕ್ಟರು. ಮಾತ್ರೆಯ ಪ್ರಮಾಣ ಬದಲಿಸಿದರು. "ಈ ಮಾತ್ರೆ ನುಂಗಿ ಉಪವಾಸ ಇದ್ರೆ ಶುಗರ್ ದಿಢೀರಂತ ಬಿದ್ದೋಗುತ್ತೆ. ಮಾತ್ರೆ ಉಂಟು ಅಂದ್ರೆ ಊಟನೂ ಉಂಟು. ಎರಡು ವಾರ ಸ್ಟೇರಿಂಗ್ ಮುಟ್ಟಬೇಡಿ. ಮನೇಲಿ ಹೇಗೆ ಊಟ ಮಾಡ್ಬೇಕು ಅಂತ ಮಂಗಳಾ ಅವ್ರು ಹೇಳ್ಕೊಡ್ತಾರೆ."

ಭಾನುವಾರ ಮಂಗಳಾ ಮನೆಗೇ ಬಂದರು. ಕೊಲ್ಲಾಪುರಮ್ಮ ಬಾಗಿಲಲ್ಲೇ ತಡೆದು ಕೇಳಿದಳು.

"ನನ್ ಮಗ ಇನ್ಮೇಲೆ ಏನು ತಿನ್ಬೇಕವ್ವ? ಪ್ಯಾಟೆಯಿಂದ ಡಬ್ಬದಲ್ಲಿ ಬರುತ್ತಂತಲ್ಲ, ಅದನ್ನ ತರ್ಬೇಕಾ?"

"ಏನೂ ತರೋದು ಬೇಡಮ್ಮ. ಇವತ್ತು ಮನೇಲಿ ಏನು ಅಡುಗೆ?"

"ಹುರುಳಿಕಾಳು ಬಸ್ಸಾರು, ಸೊಪ್ಪು ಕಾಳಿನ ಪಲ್ಯ, ಮುದ್ದೆ, ಅನ್ನ" ಎಂದಳು ಶಾಂತಕುಮಾರಿ, ತಪ್ಪು ಮಾಡಿದವಳ ಹಾಗೆ.

"ಇದಕ್ಕಿಂತ ಒಳ್ಳೆ ಊಟ ಯಾವ ಡಬ್ಬದಲ್ಲಿದೆ ಹೇಳಿ? ಭೀಮಣ್ಣ ದಿನಾ ಉಣ್ಣೋ ತಟ್ಟೆ ತನ್ನಿ."

ತಟ್ಟೆ ಬಂತು. ದೊಡ್ಡ ಕಂಚಿನ ತಟ್ಟೆ.

"ಹಿಂದೆ ಹೇಗೆ ಬಡಿಸ್ತಿದ್ರೋ ಹಾಗೇ ಬಡಿಸಿ ನೋಡಣ."

ಕೊಲ್ಲಾಪುರಮ್ಮ ಉತ್ಸಾಹದಿಂದ ಎರಡು ದಪ್ಪ ಮುದ್ದೆ ಇಟ್ಟು, ಅಂಚಿಗೆ ಒಂದು ಚಮಚ ಪಲ್ಯ ಹಾಕಿದಳು. ಮಂಗಳಾ ನಕ್ಕರು.

"ನೋಡಿ, ಪಲ್ಯ ಇಲ್ಲಿ ನಂಜ್ಕೊಳ್ಳೋಕೆ ಬಂದಿದೆ. ಅದನ್ನ ತಿರುಗಿಸೋಣ. ನಂಜ್ಕೊಳ್ಳೋದನ್ನ ಹೊಟ್ಟೆ ತುಂಬ ತಿನ್ನಿ, ಹೊಟ್ಟೆ ತುಂಬ ತಿನ್ನೋದನ್ನ ಅಳತೇಲಿ ತಿನ್ನಿ. ಅರ್ಧ ತಟ್ಟೆ ಸೊಪ್ಪು, ತರಕಾರಿ. ಕಾಲು ತಟ್ಟೆ ಕಾಳು, ಬೇಳೆ. ಮೊಟ್ಟೆ, ಮೀನು ತಿನ್ನೋರಾದ್ರೆ ಅದೂ ಆ ಜಾಗಕ್ಕೇ. ಉಳಿದ ಕಾಲು ತಟ್ಟೆ ಮುದ್ದೆಗೆ. ಮುದ್ದೆ ಉಂಡ ದಿನ ಅನ್ನ ಬೇಡ, ಅನ್ನ ಉಂಡ ದಿನ ಮುದ್ದೆ ಬೇಡ."

"ಅಯ್ಯೋ, ದುಡಿಯೋ ಗಂಡಸಿಗೆ ಒಂದು ಸಣ್ಣ ಮುದ್ದೆ ಹಾಕ್ತಾರೇನವ್ವ? ನೋಡ್ದೋರು ಏನಂತಾರೆ?"

"ಹೊಟ್ಟೆ ತುಂಬದೆ ಎದ್ರೆ ನನ್ನ ಕೇಳಿ."

ಭೀಮರಾಜು ಮಧ್ಯೆ ಬಾಯಿ ಹಾಕಿದ. "ಮೇಡಂ, ರಾಗೀಲಿ ಶುಗರ್ರೇ ಇಲ್ಲ ಅಂತಾರಲ್ಲ? ಅಂದ್ಮೇಲೆ ಅಳತೆ ಯಾಕೆ?"

"ರಾಗೀಲಿ ನಾರಿದೆ, ಒಳ್ಳೇದು. ಆದ್ರೆ ಹೊಟ್ಟೆಗೆ ಹೋದ್ಮೇಲೆ ಅದೂ ಸಕ್ಕರೆನೇ ಆಗೋದು. ಸ್ವಲ್ಪ ನಿಧಾನವಾಗಿ ಆಗುತ್ತೆ, ಅಷ್ಟೇ. ಮೂರು ಮುದ್ದೆ ಹಾಕ್ಕೊಂಡ್ರೆ ನಿಧಾನಕ್ಕೆ ಆದ್ರೂ ಮೂರು ಮುದ್ದೆಯಷ್ಟೂ ಏರುತ್ತೆ. ಅದನ್ನೇ ತೆಳ್ಳಗೆ ಗಂಜಿ ಮಾಡಿ ಕುಡಿದ್ರೆ ಇನ್ನೂ ಬೇಗ ಏರುತ್ತೆ."

"ಕಾಫಿಗೆ ನಾನು ಸಕ್ರೆ ಹಾಕಲ್ಲ ಕಣವ್ವ, ಬೆಲ್ಲ ಹಾಕ್ತೀನಿ. ಬೆಲ್ಲ ತಂಪಲ್ವಾ?" ಎಂದಳು ಕೊಲ್ಲಾಪುರಮ್ಮ.

"ರಕ್ತಕ್ಕೆ ಬೆಲ್ಲನೂ ಒಂದೇ, ಸಕ್ಕರೆನೂ ಒಂದೇ ಅಮ್ಮ."

"ಕಾಯಿ?" ಎಂದಳು ಶಾಂತಕುಮಾರಿ ಮೆಲ್ಲಗೆ. ಹತ್ತಿಪ್ಪತ್ತು ತೆಂಗಿನ ಮರ ಇಟ್ಟುಕೊಂಡವರ ಮನೆಯಲ್ಲಿ ಅದೇ ದೊಡ್ಡ ಪ್ರಶ್ನೆ.

"ಸಾರಿಗೆ ಎಷ್ಟು ಬೇಕೋ ಅಷ್ಟು ಹಾಕಿ. ಕಾಯಿ ಶುಗರ್ ಅಷ್ಟಾಗಿ ಏರಿಸಲ್ಲ. ಜಾಸ್ತಿ ಆದ್ರೆ ತೂಕ ಏರಿಸುತ್ತೆ, ಅದಕ್ಕೇ ಹಿಡಿತ ಬೇಕು. ಎಳನೀರು ಮಾತ್ರ ಸಿಹಿ, ನೀರಿನ ಬದಲು ಅದನ್ನೇ ಕುಡಿಯೋದು ಬೇಡ. ಹಣ್ಣು ತಿನ್ನಿ, ಒಂದು. ಊಟ ಮಾಡಿದ ಕೂಡಲೇ ಅಲ್ಲ, ಮಧ್ಯೆ ಯಾವಾಗಲಾದ್ರೂ."

ಭೀಮರಾಜು ತಲೆ ಕೆರೆದುಕೊಂಡ. ಇಪ್ಪತ್ತು ದಿನ ಜೀವ ಹಿಂಡಿಕೊಂಡು ಬಿಟ್ಟಿದ್ದ ಮುದ್ದೆಯನ್ನು ಈಗ ಉಣ್ಣು ಎನ್ನುತ್ತಿದ್ದಾರೆ. ಆಸೆ ಒಂದು ಕಡೆ, ಅಪನಂಬಿಕೆ ಒಂದು ಕಡೆ.

"ಮುದ್ದೆನೂ ಉಣ್ಬೋದು, ಶುಗರ್ರೂ ಹಿಡಿತದಲ್ಲಿರುತ್ತೆ ಅಂದ್ರೆ ಹೆಂಗೆ ನಂಬ್ಲಿ ಮೇಡಂ?"

"ನನ್ನ ನಂಬಬೇಡಿ. ಮಿಷನ್ ನಂಬಿ. ಇವತ್ತು ನಿಮ್ಮಮ್ಮ ಬಡಿಸಿದ್ದನ್ನ ಒಂದು ಸಲ ಉಣ್ಣಿ. ಬುಧವಾರ ನಾನು ಹೇಳಿದ ಹಾಗೆ ಉಣ್ಣಿ. ಊಟ ಮಾಡಿ ಎರಡು ಗಂಟೆ ಆದ್ಮೇಲೆ ಎರಡು ದಿನಾನೂ ನೋಡೋಣ."

ಭಾನುವಾರದ ಊಟ ಭರ್ಜರಿಯಾಗಿ ನಡೆಯಿತು. ಎರಡು ಮುದ್ದೆ, ಮೇಲೆ ಅನ್ನ ಮಜ್ಜಿಗೆ. ಉಂಡು ಗೋಡೆಗೆ ಒರಗಿದವನಿಗೆ ಅಲ್ಲೇ ತೂಕಡಿಕೆ. ಎರಡು ಗಂಟೆ ಬಿಟ್ಟು ನೋಡಿದರೆ ಇನ್ನೂರ ಎಪ್ಪತ್ತಾರು.

ಬುಧವಾರ ಮಂಗಳಾರ ಎದುರಿಗೇ ಶಾಂತಕುಮಾರಿ ಬಡಿಸಿದಳು. ಮೊದಲು ಸೌತೆಕಾಯಿ, ಆಮೇಲೆ ತಟ್ಟೆಯ ಅರ್ಧ ಸೊಪ್ಪಿನ ಪಲ್ಯ, ಪಕ್ಕದಲ್ಲಿ ಬೆಂದ ಹುರುಳಿಕಾಳು. ಅದನ್ನು ಮುಕ್ಕಾಲು ಪಾಲು ತಿಂದ ಮೇಲೆ ಮುದ್ದೆ. ಒಂದೇ, ಅವಳ ಮುಷ್ಟಿಯಷ್ಟು. ಬಿಸಿ ಬಸ್ಸಾರಿಗೆ ಅದ್ದಿ ಮೊದಲ ತುತ್ತು ನುಂಗಿದಾಗ ಭೀಮರಾಜು ಕಣ್ಣು ಮುಚ್ಚಿದ. ಬೆಳ್ಳುಳ್ಳಿ, ಹುರಿದ ಮೆಣಸಿನಕಾಯಿ, ರುಬ್ಬಿದ ಕಾಯಿ, ಹುರುಳಿ ಕಟ್ಟು. ಇಪ್ಪತ್ತು ದಿನ ಜಗಲಿಯಲ್ಲಿ ಕೂತು ಮೂಗಿನಿಂದ ಮಾತ್ರ ಉಂಡ ಸಾರು ಈಗ ನಾಲಿಗೆಗೆ ತಾಗಿತ್ತು. ಶಾಂತಕುಮಾರಿ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸಾಕಾ?" ಎಂದಳು ಕೊಲ್ಲಾಪುರಮ್ಮ ಅನುಮಾನದಿಂದ.

"ಹೊಟ್ಟೆ ತುಂಬ್ತಲ್ಲವ್ವ!" ಎಂದ ಭೀಮರಾಜು. ಅವನಿಗೇ ಆಶ್ಚರ್ಯ.

ಉಂಡ ಮೇಲೆ ಗೋಡೆಗೆ ಒರಗಲು ಮಂಗಳಾ ಬಿಡಲಿಲ್ಲ. "ತೋಟದ ತನಕ ಹೋಗಿ ಬನ್ನಿ, ಹದಿನೈದು ನಿಮಿಷ." ಗಂಡ ಹೆಂಡತಿ ಇಬ್ಬರೂ ಹೋಗಿ ಬಂದರು. ಎರಡು ಗಂಟೆ ಕಳೆಯುವ ಹೊತ್ತಿಗೆ ಗಂಗಾಧರನೂ ಬಂದು ಕೂತಿದ್ದ. ಬೆರಳು ಚುಚ್ಚಿದರು. ನೂರ ಎಪ್ಪತ್ತೆರಡು.

ಭೀಮರಾಜು ಮಿಷನ್ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.

"ಮಿಷನ್ ಕೆಟ್ಟೈತೆ" ಎಂದ ಭೀಮರಾಜು.

ಇನ್ನೊಂದು ಬೆರಳು ಚುಚ್ಚಿದರು. ನೂರ ಅರವತ್ತೊಂಬತ್ತು.

"ಮಿಷನ್ ಅಲ್ಲ ಕಣ್ಲಾ, ನಿನ್ ತಲೆ ಕೆಟ್ಟಿತ್ತು" ಎಂದ ಗಂಗಾಧರ. ಮನೆಯೆಲ್ಲ ನಗು. ಆ ಮನೆಯಲ್ಲಿ ಅಷ್ಟು ಜೋರಾಗಿ ನಕ್ಕು ಒಂದು ತಿಂಗಳಾಗಿತ್ತು.

ಕೊಲ್ಲಾಪುರಮ್ಮನಿಗೆ ಮಾತ್ರ ಇನ್ನೂ ಸಮಾಧಾನವಾಗಿರಲಿಲ್ಲ. "ಎಲ್ಲಿ, ನಂಗೂ ಚುಚ್ಚು ನೋಡಣ. ನಾನು ಎಪ್ಪತ್ತು ವರ್ಷ ಮುದ್ದೆ ಉಂಡೋಳು, ಗಟ್ಟಿ ಜೀವ. ನಂದು ಸರಿಯಾಗಿ ತೋರ್ಸಿದ್ರೆ ಮಿಷನ್ ಸರಿ ಐತೆ ಅಂತ ಒಪ್ಪೋತೀನಿ" ಎಂದು ಬೆರಳು ಮುಂದೆ ಚಾಚಿದಳು.

ಮಿಷನ್ ತೋರಿಸಿದ್ದು ಇನ್ನೂರ ನಲವತ್ತು.

ಮಂಗಳಾ ಮೆತ್ತಗೆ ಕೇಳಿದರು. "ಅಮ್ಮ, ರಾತ್ರಿ ಎದ್ದು ಎದ್ದು ನೀರು ಕುಡೀತೀರಾ? ಕಾಲು ಜೋಮು ಹಿಡಿಯುತ್ತಾ?"

"ವಯಸ್ಸಾಯ್ತಲ್ಲವ್ವ, ಅದಕ್ಕೆ ಅಂದ್ಕಂಡಿದ್ದೆ" ಎಂದ ಮುದುಕಿಯ ದನಿ ಸಣ್ಣಗಾಯಿತು. ಮಗನ ಕಡೆ ನೋಡಿದಳು. "ನಂಗೂ ಬಂದೈತೇನ್ಲಾ ಮಗ?"

ಮಂಗಳಾ ಉತ್ತರ ಕೊಡುವ ಮೊದಲೇ ಭೀಮರಾಜು ತಾಯಿಯ ಪಕ್ಕ ಬಂದು ಕೂತ. "ನಾಳೆ ಬೆಳಗ್ಗೆ ಆಸ್ಪತ್ರೆಗೆ ಹೋಗಿ ಸರಿಯಾಗಿ ಪರೀಕ್ಷೆ ಮಾಡಿಸ್ಕಂಡು ಬರಣ. ಹೆದರ್‌ಬ್ಯಾಡ ಕಣವ್ವ. ನಾನು ಹೆದರ್ಕಂಡು ಏನಾಯ್ತು ನೋಡಿದ್ಯಲ್ಲ. ಇದ್ರೆ ಇರ್ಲಿ ಬುಡು. ಇಬ್ರೂ ಒಂದೇ ಊಟ ಉಣ್ಣಣ."

ಕೊಲ್ಲಾಪುರಮ್ಮನಿಗೂ ಶುಗರ್ ಇತ್ತು. ಬೇಗ ಗೊತ್ತಾದದ್ದು ಒಳ್ಳೆಯದಾಯಿತು ಎಂದ ಡಾಕ್ಟರು ಅವಳಿಗೂ ಮಾತ್ರೆ ಕೊಟ್ಟರು. ಆ ದಿನದಿಂದ ಮನೆಯಲ್ಲಿ ರೋಗಿಗೊಂದು ಅಡುಗೆ, ಉಳಿದವರಿಗೊಂದು ಅಡುಗೆ ಎಂಬುದೇ ಇಲ್ಲವಾಯಿತು. ಶಾಂತಕುಮಾರಿಗೂ ಅದೇ ತಟ್ಟೆ. ಬೆಳಗ್ಗೆ ಮೊಳಕೆ ಕಾಳು ಹಾಕಿದ ಉಪ್ಪಿಟ್ಟೋ, ತರಕಾರಿ ಸೇರಿಸಿದ ರಾಗಿ ರೊಟ್ಟಿಯೋ. ಸಾಮೆ ಅನ್ನ ಮಾಡಿದ ದಿನವೂ ಅಳತೆ ಅಳತೆಯೇ.

ಎರಡು ವಾರ ಕಳೆದು, ಶುಗರ್ ಏರುಪೇರಿಲ್ಲ ಎಂದು ನೋಡಿಕೊಂಡು ಡಾಕ್ಟರು ಚೀಟಿ ಬರೆದುಕೊಟ್ಟರು. ಭೀಮರಾಜು ಮತ್ತೆ ಸ್ಟೇರಿಂಗ್ ಹಿಡಿದ. ಅಂಗಿ ಜೇಬಿನಲ್ಲಿ ಸಕ್ಕರೆ ಪೊಟ್ಟಣ, ಎಲ್ಲಾದರೂ ಕೈ ನಡುಗಿದರೆ ಬೇಕು ಎಂದು. ತಿಂಡಿ ತಿನ್ನದೆ ಬಸ್ಸು ಹತ್ತುವಂತಿಲ್ಲ, ಅದು ಗಂಗಾಧರನ ಕಾನೂನು. ದಿನಾ ಬೆಳಗ್ಗೆ "ಏನ್ ತಿಂದ್ಲಾ?" ಎಂದು ಕೇಳಿ, ಉತ್ತರ ಬಂದ ಮೇಲೇ ವಿಷಲ್ ಊದುತ್ತಿದ್ದ.

ಪುಷ್ಯದ ಚಳಿ ಬಂತು. ಅವರೆಕಾಯಿ ಕಾಲ. ಹೋದಲ್ಲೆಲ್ಲ ಸೊಗಡಿನ ಘಮ. ಶಾಂತಕುಮಾರಿ ಹಿದುಕಿದ ಬೇಳೆ ಸಾರು ಮಾಡಿದ ದಿನ ಭೀಮರಾಜು ಎರಡು ಬಟ್ಟಲು ಸಾರು ಕುಡಿದು, ಮುದ್ದೆ ಒಂದಕ್ಕೇ ಕೈ ತೊಳೆದ. ಸಂಕ್ರಾಂತಿಗೆ ಪಕ್ಕದ ಮನೆಯ ಹೆಣ್ಣುಮಕ್ಕಳು ಎಳ್ಳು ತಂದಾಗ ಕೊಲ್ಲಾಪುರಮ್ಮ ಬೆಲ್ಲದ ಒಂದು ಚೂರು ತಾನು ತಿಂದು, ಉಳಿದ ಚೂರು ಮಗನ ಅಂಗೈಗೆ ಹಾಕಿ, ಕಡಲೆಬೀಜ ಕೊಬ್ಬರಿ ತಾನಿಟ್ಟುಕೊಂಡಳು. ಅವನು ಅದರಲ್ಲಿ ಒಂದು ಚೂರು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಹೆಂಡತಿಗೆ ಕೊಟ್ಟ. ಹಬ್ಬಕ್ಕೆ ಮೂವರಿಗೂ ಸಿಹಿಯಾಯಿತು.

ಮೂರು ತಿಂಗಳಾದ ಮೇಲೆ ತಾಯಿ ಮಗ ಒಟ್ಟಿಗೆ ರಕ್ತ ಪರೀಕ್ಷೆಗೆ ಹೋದರು. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಅದು. ಭೀಮರಾಜುವಿನದು ಒಂಬತ್ತೂವರೆಯಿಂದ ಏಳಕ್ಕೆ ಇಳಿದಿತ್ತು. ಕೊಲ್ಲಾಪುರಮ್ಮನದು ಏಳಕ್ಕೂ ಸ್ವಲ್ಪ ಕೆಳಗೆ.

"ನಂದೇ ಕಮ್ಮಿ! ನಿನ್ನ ಸೋಲಿಸ್ಬುಟ್ಟೆ ಕಣ್ಲಾ" ಎಂದು ಮುದುಕಿ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಕೂಗಿದ ಸಂಭ್ರಮಕ್ಕೆ ಹೊರಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು.

ಈಗ ಭೀಮರಾಜುವಿನ ಊರಿಗೆ ಸಂಜೆ ಏಳು ಗಂಟೆಯ ಹೊತ್ತಿಗೆ ಹೋದರೆ ಒಂದು ಮೆರವಣಿಗೆ ಕಾಣುತ್ತದೆ. ಮುಂದೆ ಕೊಲ್ಲಾಪುರಮ್ಮ, ಪಕ್ಕದಲ್ಲಿ ಭೀಮರಾಜು, ಶಾಂತಕುಮಾರಿ. ಹಿಂದೆ ಓಣಿಯ ಹನ್ನೊಂದು ಜನ. ಬೇಗ ಉಂಡು, ತೋಟದ ದಾರಿಯಲ್ಲಿ ಮಾತಾಡುತ್ತಾ ಹೋಗಿ ಬರುತ್ತಾರೆ. ಯಾರಾದರೂ ಹಿಂದೆ ಬಿದ್ದರೆ ಮುದುಕಿ ನಿಂತು ಕರೆಯುತ್ತಾಳೆ: "ಬನ್ರಮ್ಮ ಬಿರ್ರನೆ, ಎಪ್ಪತ್ತು ವರ್ಷದೋಳು ನಡೀತಾವ್ನಿ, ನಿಮಗೇನಾಗೈತೆ ದಾಡಿ?"

ಇದನ್ನು ಓದುತ್ತಿರುವ, ಕೇಳುತ್ತಿರುವ ನಮ್ಮ ಸೀಮೆಯ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಶುಗರ್ ಬಂದ ಮಾತ್ರಕ್ಕೆ ನಿಮ್ಮ ಮಣೆ ಬಿಟ್ಟು ಎದ್ದು ಹೋಗಬೇಡಿ. ಮನೆಯ ಅಡುಗೆಯನ್ನೇ ಉಣ್ಣಿ. ಸೊಪ್ಪು, ತರಕಾರಿ, ಕಾಳು ಹೆಚ್ಚಿರಲಿ, ಮುದ್ದೆಗೂ ಅನ್ನಕ್ಕೂ ಅಳತೆಯಿರಲಿ. ಮಾತ್ರೆ ನುಂಗಿ ಉಪವಾಸ ಇರಬೇಡಿ, ಯಾರದೋ ಮಾತು ಕೇಳಿ ಮಾತ್ರೆ ಬಿಡಲೂಬೇಡಿ. ಮೈ ಬೆವರಿ ಕೈ ನಡುಗಿದರೆ ತಕ್ಷಣ ಸಕ್ಕರೆ ನೀರು ಕುಡಿದು, ಆಮೇಲೆ ಏನಾದರೂ ತಿಂದು, ಆಸ್ಪತ್ರೆಗೆ ತೋರಿಸಿಕೊಳ್ಳಿ. ಒಬ್ಬೊಬ್ಬರ ಮೈ ಒಂದೊಂದು ಥರ, ನಿಮ್ಮ ಅಳತೆ ಎಷ್ಟು ಎಂದು ನಿಮ್ಮ ಡಾಕ್ಟರನ್ನೇ ಕೇಳಿ.

ಮೂವತ್ತು ವರ್ಷ ದಾಟಿದ್ದೀರಾ? ನಿಮ್ಮ ಊರಿಗೆ ಹತ್ತಿರದ ಉಪಕೇಂದ್ರದಲ್ಲಿ ಶುಗರ್ ಪರೀಕ್ಷೆಗೆ ದುಡ್ಡು ಕೇಳುವುದಿಲ್ಲ. ಒಂದು ಹನಿ ರಕ್ತ, ಒಂದು ನಿಮಿಷದ ಕೆಲಸ. ನಾಳೆ ಬೆಳಗ್ಗೆ ಹೋಗಿ ಬನ್ನಿ. ಹೋಗುವಾಗ ಒಬ್ಬರೇ ಹೋಗಬೇಡಿ, ಮನೆಯಲ್ಲಿ ನಿಮಗೆ ದಿನಾ ಬಡಿಸುವವರನ್ನೂ ಕರೆದುಕೊಂಡು ಹೋಗಿ, ಅವರ ಬೆರಳನ್ನೂ ಮುಂದೆ ಚಾಚಿಸಿ.